ಮೊದಲ ಸದ್ದಿಗೆ ನಿಂತ ಎಣಿಕೆ

ಹೊಸನಗರ ತಾಲ್ಲೂಕಿನ ಒಂಟಿಮನೆಗಳ ಊರುಗಳಲ್ಲಿ, ಐದು ವರ್ಷದೊಳಗಿನ ಮಕ್ಕಳ ನ್ಯುಮೋನಿಯಾವನ್ನು ಆಶಾ ಕಾರ್ಯಕರ್ತೆಯರು ಮನೆಬಾಗಿಲಲ್ಲೇ ಎಷ್ಟರಮಟ್ಟಿಗೆ ಗುರುತಿಸಬಲ್ಲರು ಎಂಬ ಒಂದು ಸಣ್ಣ ಅಧ್ಯಯನದ ಉಸ್ತುವಾರಿಯನ್ನು ಮಳೆಗಾಲವಿಡೀ ನಾನು ನೋಡಿಕೊಂಡಿದ್ದೆ. ಎಕ್ಸ್‌ರೇ ಸಿಗದ ಕಡೆ ನೆಚ್ಚಿಕೊಳ್ಳಬೇಕಾದದ್ದು ಉಸಿರಿನ ಎಣಿಕೆಯನ್ನು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ, ಕೆಮ್ಮುತ್ತಿರುವ ಮಗು ಎರಡು ತಿಂಗಳೊಳಗಿನದಾದರೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದೊಳಗಿನದಾದರೆ 50, ಅಲ್ಲಿಂದ ಐದು ವರ್ಷದೊಳಗಿನದಾದರೆ 40 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡಿದರೆ ಅದು ವೇಗದ ಉಸಿರಾಟ.

ಇಷ್ಟನ್ನು ಹೇಳಿಕೊಡುವುದು ಸುಲಭ. ಆದರೆ ಜುಲೈ ತಿಂಗಳ ಜಡಿಮಳೆಯಲ್ಲಿ ಸಂಕ ದಾಟಿ ಹೋದ ಮೇಲೆ, ಕಂಬಳಿಯೊಳಗೆ ಬೆಚ್ಚಗೆ ಮಲಗಿದ ಮಗುವಿನ ಅಂಗಿ ಎತ್ತಬೇಕೆಂದರೆ "ಥಂಡಿ ಹಿಡಿತದೆ ಮಾರಾಯ್ತಿ, ಬಟ್ಟೆ ತೆಗಿಬೇಡ" ಎನ್ನುವ ಅಜ್ಜಿಯನ್ನು ಮೊದಲು ಒಪ್ಪಿಸಬೇಕಾಗುತ್ತದೆ. ಮಗು ಅತ್ತರಂತೂ ಎಣಿಕೆ ಕೆಟ್ಟಂತೆಯೇ; ಹಾಲು ಕುಡಿಸಿ, ತಾಯಿಯ ಮಡಿಲಲ್ಲಿ ಸಮಾಧಾನಗೊಂಡ ಮೇಲೆ ಮತ್ತೆ ಆರಂಭಿಸಬೇಕು.

ನಾಲ್ಕು ವಾರಗಳ ನಂತರ ದಾಖಲೆ ಪುಸ್ತಕಗಳನ್ನು ತಿರುವಿ ಹಾಕುವಾಗ 36, 38, 44, 38, 46 ಎಂದು ಸಾಲಾಗಿ ಬರೆದಿದ್ದ ಒಂದು ಪುಟದಲ್ಲಿ ಹುಡುಕಿದರೂ ಒಂದು ಬೆಸಸಂಖ್ಯೆ ಸಿಗಲಿಲ್ಲ. ಉಳಿದ ಪುಟಗಳೂ ಹಾಗೆಯೇ ಇದ್ದವು. ನಾವು ಕೊಟ್ಟಿದ್ದ ಟೈಮರ್ ಅರ್ಧ ನಿಮಿಷಕ್ಕೊಮ್ಮೆ, ಪೂರ್ಣ ನಿಮಿಷಕ್ಕೊಮ್ಮೆ ಸದ್ದು ಮಾಡುತ್ತದೆ; ಎಲ್ಲರೂ ಮೊದಲ ಸದ್ದಿಗೇ ನಿಲ್ಲಿಸಿ, ಬಂದದ್ದನ್ನು ದುಪ್ಪಟ್ಟು ಮಾಡಿದ್ದರು. ಕೇಳಿದಾಗ ಹಿರಿಯ ಕಾರ್ಯಕರ್ತೆಯೊಬ್ಬರು, "ತರಬೇತಿಯಲ್ಲಿ ನೀವೇ ಹಾಗೆ ತೋರಿಸಿದ್ದಲ್ವಾ ಸಾರ್" ಎಂದರು. ನಿಜವೇ. ಊಟದ ಹೊತ್ತು ಮೀರುತ್ತಿದೆಯೆಂದು ಅಂದು ನಾನೇ ಅರ್ಧಕ್ಕೆ ನಿಲ್ಲಿಸಿದ್ದೆ.

ಎಳೆಯ ಮಕ್ಕಳ ಉಸಿರು ಒಂದೇ ಲಯದಲ್ಲಿರುವುದಿಲ್ಲ. ಕೆಲವು ಕ್ಷಣ ಬಿರುಸಾಗಿ, ಮತ್ತೆ ನಿಧಾನವಾಗಿ ಸಾಗುತ್ತದೆ. ಅರ್ಧ ನಿಮಿಷದಲ್ಲಿ ಒಂದು ಉಸಿರು ತಪ್ಪಿದರೆ ದುಪ್ಪಟ್ಟು ಮಾಡುವಾಗ ಅದು ಎರಡಾಗುತ್ತದೆ, 40ರ ಅಂಚಿನಲ್ಲಿರುವ ಮಗುವಿಗೆ ಎರಡೇ ಸಾಕು. 38 ಎಂದು ಬರೆದಿದ್ದ ಹದಿನಾಲ್ಕು ತಿಂಗಳ ಮಗುವೊಂದನ್ನು ಅದೇ ದಿನ ಸಂಜೆ ನಾನು ಪೂರ್ಣ ನಿಮಿಷ ಎಣಿಸಿದಾಗ 43 ಬಂದಿತ್ತು. ಆಗ ಅದನ್ನು ಮಗುವಿನ ಸ್ಥಿತಿ ಬದಲಾಗಿರಬಹುದೆಂದು ಬಿಟ್ಟಿದ್ದೆ. ಮಗುವನ್ನು ಆಸ್ಪತ್ರೆಗೆ ಕಳಿಸಿದೆನಾದರೂ ಪುಸ್ತಕವನ್ನು ಅನುಮಾನಿಸಲಿಲ್ಲ.

ಆ ನಾಲ್ಕು ವಾರಗಳ ಎಣಿಕೆಯನ್ನು ವಿಶ್ಲೇಷಣೆಯಿಂದ ಕೈಬಿಟ್ಟು, ತರಬೇತಿಯನ್ನು ಮತ್ತೆ ಮಾಡಿದೆವು. ಈ ಸಲ ಸಭಾಂಗಣದಲ್ಲಿ ಅಲ್ಲ, ಅಂಗನವಾಡಿಯಲ್ಲಿ, ನಿದ್ದೆ ಹೋದ ಮಕ್ಕಳ ಪಕ್ಕದಲ್ಲಿ ಕುಳಿತು. ಇಬ್ಬರು ಒಂದೇ ಮಗುವನ್ನು ಏಕಕಾಲಕ್ಕೆ ಎಣಿಸಿ, ಒಬ್ಬರಿಗೊಬ್ಬರು ಹೇಳದೆ ಬೇರೆಬೇರೆ ಚೀಟಿಯಲ್ಲಿ ಬರೆಯುವ ಪದ್ಧತಿಯನ್ನೂ ತಂದೆವು. ಆಗಸ್ಟ್‌ನಲ್ಲಿ ಬಂದ ಹಾಳೆಗಳಲ್ಲಿ 37, 41, 53 ಕಾಣಿಸತೊಡಗಿದವು. ಒಂದರ ಅಂಚಿನಲ್ಲಿ ಪೆನ್ಸಿಲಿನಿಂದ "ಮಗು ಅತ್ತಿತು, ಮೂರು ಸಲ ಎಣಿಸಿದೆ" ಎಂದು ಬರೆದಿತ್ತು.