ಅಲಂಕಾರಿಕ ಕೆಸು: ನೆಡುವುದು ಹೇಗೆ, ನೋಡಿಕೊಳ್ಳುವುದು ಹೇಗೆ?

ಹೂವಿಲ್ಲದೆಯೂ ಕೈತೋಟಕ್ಕೆ ಕಳೆ ತರುವ ಗಿಡಗಳಲ್ಲಿ ಅಲಂಕಾರಿಕ ಕೆಸುವೂ ಒಂದು. ಇದರ ಸೊಬಗೆಲ್ಲ ಎಲೆಯಲ್ಲಿದೆ. ಆ ಎಲೆ ಅಗಲವಾಗಿ, ಬಣ್ಣಗೆಡದೆ ಬರಬೇಕಾದರೆ ನೀರು ಮತ್ತು ಬೆಚ್ಚನೆಯ ಹವೆ ಎರಡೂ ಒಟ್ಟಿಗೇ ಸಿಗಬೇಕು. ಹವೆ ಬೆಚ್ಚಗಿದ್ದು ನೀರು ಸಾಲದಿದ್ದರೆ ಎಲೆ ಸೊರಗುತ್ತದೆ. ನೀರು ಹೆಚ್ಚಿದ್ದು ಚಳಿ ಬಿದ್ದರೆ ಗಡ್ಡೆ ಕೊಳೆಯುತ್ತದೆ. ಆರೈಕೆಯ ಬಹುಪಾಲು ಈ ಎರಡನ್ನು ಹೊಂದಿಸುವುದರಲ್ಲೇ ಇದೆ.

ಗಿಡವನ್ನು ತರುವ ಮೊದಲು ಅದು ಯಾವುದೆಂದು ತಿಳಿದಿರಬೇಕು. ಕೊಲೊಕೇಸಿಯಾ ಮತ್ತು ಅಲೊಕೇಸಿಯಾ ಎಂಬ ಎರಡು ಬೇರೆ ಬೇರೆ ಗಿಡಗಳು ನೋಡಲು ಒಂದೇ ಬಗೆಯಾಗಿದ್ದರೂ ಅವುಗಳ ಅಗತ್ಯ ಬೇರೆ. ಕೊಲೊಕೇಸಿಯಾದ ಎಲೆತುದಿ ನೆಲದತ್ತ ಬಾಗಿರುತ್ತದೆ, ತೊಟ್ಟು ಎಲೆಯ ಸೀಳಿನಿಂದ ಸ್ವಲ್ಪ ಒಳಗೆ, ಬೆನ್ನಿಗೆ ಕೂಡಿಕೊಂಡಿರುತ್ತದೆ. ಅಲೊಕೇಸಿಯಾದ ಎಲೆಗಳು ಸಾಮಾನ್ಯವಾಗಿ ಮೇಲ್ಮುಖವಾಗಿ ನಿಲ್ಲುತ್ತವೆ. ಕೊಲೊಕೇಸಿಯಾ ಜೌಗು ನೆಲದಲ್ಲೂ ಬೆಳೆಯಬಲ್ಲದು. ಅಲೊಕೇಸಿಯಾದ ಬೇರಿನಲ್ಲಿ ನೀರು ನಿಂತರೆ ಅದು ಉಳಿಯುವುದಿಲ್ಲ. ಇಲ್ಲಿ ಹೇಳುತ್ತಿರುವುದು ಕೊಲೊಕೇಸಿಯಾದ ಬಗ್ಗೆ. ಇದರಲ್ಲಿ ಕಪ್ಪು ನೇರಳೆ ಬಣ್ಣದ ‘ಬ್ಲ್ಯಾಕ್ ಮ್ಯಾಜಿಕ್’, ಹಸಿರು ನರಗಳ ನಡುವೆ ಕಪ್ಪು ಬಳಿದಂತಿರುವ ‘ಇಲ್ಲಸ್ಟ್ರಿಸ್’, ಹಸಿರಿನ ಮೇಲೆ ಕಡುಬಣ್ಣ ಚಿಮುಕಿಸಿದಂತಿರುವ ‘ಮೊಜಿಟೊ’ ಮುಂತಾದ ತಳಿಗಳು ಪ್ರಸಿದ್ಧ.

ನೆಡಲು ಗಟ್ಟಿಯಾದ, ಒತ್ತಿದರೆ ಎಲ್ಲೂ ಮೆತ್ತಗಾಗದ ಗಡ್ಡೆಯನ್ನೇ ಆರಿಸಿ. ರಾತ್ರಿಯ ಚಳಿ ಕಳೆದು ಮಣ್ಣು ಬೆಚ್ಚಗಾದ ಮೇಲೆ, ಮೊಳಕೆಯ ಕಣ್ಣು ಮೇಲೆ ಬರುವಂತೆ 5ರಿಂದ 8 ಸೆಂಟಿಮೀಟರ್ ಆಳದಲ್ಲಿ ನೆಡಬೇಕು. ತುಸು ಹುಳಿ ಗುಣದ, ಅಂದರೆ ರಸಸಾರ (pH) 5.5ರಿಂದ 6.5ರವರೆಗಿನ, ಕಳಿತ ಗೊಬ್ಬರ ಧಾರಾಳವಾಗಿ ಬೆರೆತ ಮಣ್ಣು ಇದಕ್ಕೆ ಹಿಡಿಸುತ್ತದೆ. ಕುಂಡದಲ್ಲಿ ಬೆಳೆಸುವವರು ಕನಿಷ್ಠ 30 ಸೆಂಟಿಮೀಟರ್ ಅಗಲದ ಕುಂಡವನ್ನೇ ಬಳಸುವುದು ಲೇಸು. ಕುಂಡ ಚಿಕ್ಕದಾದಷ್ಟೂ ಮಣ್ಣು ಬೇಗ ಒಣಗುತ್ತದೆ, ಎಲೆಯೂ ಚಿಕ್ಕದಾಗುತ್ತದೆ.

ನೆಟ್ಟ ಆರಂಭದಲ್ಲಿ ಮಾತ್ರ ನೀರಿನ ಕೈ ಬಿಗಿಹಿಡಿಯಬೇಕು. ಬೇರು ಬಿಡದ ಗಡ್ಡೆಗೆ ನೀರು ಹೀರುವ ಶಕ್ತಿ ಇರುವುದಿಲ್ಲವಾದ್ದರಿಂದ ಮಣ್ಣಿನಲ್ಲಿ ತೇವ ಉಳಿದರೆ ಸಾಕು. ಸುಳಿ ಹೊರಬಂದು ಎರಡು ಮೂರು ಎಲೆ ಬಿಚ್ಚಿಕೊಂಡ ಮೇಲೆ ಮಣ್ಣು ಒಣಗದಂತೆ ನೀರುಣಿಸಿ. ಬೇಸಿಗೆಯಲ್ಲಿ ಕುಂಡದ ಕೆಳಗೆ ನೀರು ತುಂಬಿದ ತಟ್ಟೆಯಿಟ್ಟರೂ ತೊಂದರೆಯಿಲ್ಲ. ಬೆಳಗ್ಗೆ ಎಲೆತುದಿಯಲ್ಲಿ ನೀರಹನಿಯೊಂದು ತೂಗುತ್ತಿರುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ರಾತ್ರಿ ಬೇರು ಹೀರಿದ ಹೆಚ್ಚಿನ ನೀರನ್ನು ಗಿಡ ಹೀಗೆ ಹೊರಹಾಕುತ್ತದೆ, ಅದು ರೋಗವಲ್ಲ.

ಬಿಸಿಲಿನ ವಿಷಯದಲ್ಲಿ ಎಲ್ಲ ತಳಿಗಳಿಗೂ ಒಂದೇ ಅಳತೆ ಸಲ್ಲದು. ಕಡುಬಣ್ಣದ ತಳಿಗಳಿಗೆ ಸಾಕಷ್ಟು ಬಿಸಿಲು ಬೇಕು, ನೆರಳಲ್ಲಿ ಅವು ಹಸಿರಿಗೆ ತಿರುಗುತ್ತವೆ. ಹಸಿರು ತಳಿಗಳಿಗೆ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಚೆನ್ನು. ಜೋರು ಗಾಳಿ ಬೀಸುವೆಡೆ ಎಲೆ ಹರಿದುಹೋಗುತ್ತದೆ. ಇದು ಹೊಟ್ಟೆಬಾಕ ಗಿಡವಾದ್ದರಿಂದ ಬೆಳೆಯುವ ಕಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ಸಾರಜನಕವಿರುವ ದ್ರವಗೊಬ್ಬರ ಕೊಡಬೇಕು.

ಹಳೆಯ ಎಲೆ ಒಂದೊಂದಾಗಿ ಹಳದಿಯಾಗುವುದು ಸಹಜ. ಅದನ್ನು ಬುಡದಲ್ಲಿ ಕತ್ತರಿಸಿದರಾಯಿತು. ಆದರೆ ಎಲೆಯ ಮೇಲೆ ಸೂಜಿಮೊನೆಯಷ್ಟು ಮಾಸಲು ಚುಕ್ಕಿಗಳೂ ಹಿಂಬದಿಯಲ್ಲಿ ನವಿರಾದ ಬಲೆಯೂ ಕಂಡರೆ ಅದು ನುಸಿಯ ಕೆಲಸ. ಒಣ ಹವೆಯಲ್ಲಿ ನುಸಿ ಬೇಗ ಹೆಚ್ಚುವುದರಿಂದ ಎಲೆಯ ಎರಡೂ ಬದಿಗೆ ನೀರು ರಾಚಿ ತೊಳೆದು, ಅಗತ್ಯವಿದ್ದರೆ ಬೇವಿನ ಎಣ್ಣೆಯ ದ್ರಾವಣ ಸಿಂಪಡಿಸಬೇಕು. ಮಳೆ ಬಿಡದೆ ಸುರಿಯುವಾಗ ನೀರಲ್ಲಿ ನೆಂದಂತಹ ಕಂದು ಮಚ್ಚೆಗಳು ದಿನದಿನಕ್ಕೆ ಹಿಗ್ಗುತ್ತಿದ್ದರೆ ಎಲೆ ಅಂಗಮಾರಿ ರೋಗವಿರಬಹುದು. ಅಂತಹ ಎಲೆಗಳನ್ನು ತಡಮಾಡದೆ ತೆಗೆದು ನಾಶಪಡಿಸಿ, ಗಿಡಗಳ ನಡುವೆ ಗಾಳಿಯಾಡುವಂತೆ ಅಂತರ ಬಿಡಿ.

ಕತ್ತರಿಸುವಾಗ ಕೈಗವಸು ತೊಡುವುದು ಕಡ್ಡಾಯವೆಂದೇ ತಿಳಿಯಿರಿ. ಇದರ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂತಹ ಹರಳುಗಳಿದ್ದು, ಚರ್ಮಕ್ಕೆ ತಗುಲಿದರೆ ತುರಿಕೆ, ಹಸಿಯಾಗಿ ಬಾಯಿಗೆ ಹೋದರೆ ಉರಿ ಮತ್ತು ಊತ ಉಂಟಾಗುತ್ತವೆ. ಎಳೆಯ ಮಕ್ಕಳು, ಸಾಕುಪ್ರಾಣಿಗಳು ಎಲೆ ಕಡಿಯದಂತೆ ಎಚ್ಚರ ವಹಿಸಬೇಕು.

ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬೆಳವಣಿಗೆ ನಿಂತು ಎಲೆಗಳು ಒಣಗುತ್ತವೆ. ಆಗ ಗೊಬ್ಬರ ನಿಲ್ಲಿಸಿ, ನೀರು ಕಡಿಮೆ ಮಾಡಿ. ನೆಲ ಹೆಪ್ಪುಗಟ್ಟುವ ಊರುಗಳಲ್ಲಿ ಗಡ್ಡೆಯನ್ನು ಅಗೆದು, ಮಣ್ಣು ಕೊಡವಿ, ನೆರಳಲ್ಲಿ ಕೆಲವು ದಿನ ಆರಿಸಿ, ಒಣ ಮರದ ಹೊಟ್ಟಿನಲ್ಲಿ ಹುದುಗಿಸಿಟ್ಟರೆ ಮುಂದಿನ ಹಂಗಾಮಿಗೆ ಸಿಗುತ್ತದೆ. ಮರಿಗಡ್ಡೆಗಳನ್ನು ಬೇರ್ಪಡಿಸಿ ಹೊಸ ಗಿಡ ಮಾಡಿಕೊಳ್ಳಲು ಬೆಚ್ಚನೆಯ ದಿನಗಳು ಮರಳುವಾಗ ಸೂಕ್ತ ಸಮಯ. ಹರಿದ ಜಾಗ ಒಂದೆರಡು ದಿನ ಒಣಗಿದ ನಂತರವೇ ಅವನ್ನು ಮಣ್ಣಿಗೆ ಇಳಿಸಬೇಕು. ಬೇಡವಾದ ಗಡ್ಡೆಗಳನ್ನು ಕೆರೆ, ಹಳ್ಳಗಳ ಬಳಿ ಮಾತ್ರ ಎಸೆಯಬೇಡಿ: ನೀರಿನ ಅಂಚಿನಲ್ಲಿ ಇದು ವೇಗವಾಗಿ ಹಬ್ಬಿ ಅಲ್ಲಿನ ಸಹಜ ಸಸ್ಯಗಳ ಜಾಗವನ್ನು ಆಕ್ರಮಿಸುತ್ತದೆ.