ಐಇಎಲ್‌ಟಿಎಸ್ ಪದ ಕಲಿಯೋಕೆ ಲಿಂಗನಮಕ್ಕಿ ನೀರಿನ ಮಟ್ಟ ಸಾಕು

ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್. ಮೊದಲ ಸಲ ಅದನ್ನು ಬರೆದಾಗ ರೈಟಿಂಗ್‌ನಲ್ಲಿ ನನಗೆ 9ಕ್ಕೆ ಬಂದಿದ್ದು 6. ಬೇಕಿದ್ದದ್ದು 6.5. ಶಿವಮೊಗ್ಗದಲ್ಲಿ ನಾನು ಹೋಗುತ್ತಿದ್ದ ಕೋಚಿಂಗ್ ಸೆಂಟರ್‌ನವರು ಒಂದು ದಪ್ಪ ಜೆರಾಕ್ಸ್ ಕಟ್ಟು ಕೊಟ್ಟಿದ್ದರು. ತುಂಬಾ ಪ್ಲೆಥೊರಾ, ಮಿರಿಯಡ್, ಯುಬಿಕ್ವಿಟಸ್ ಥರದ ಪದಗಳು. ಮಂಡಗದ್ದೆಯಲ್ಲಿ ಬಸ್ ಹತ್ತಿದರೆ ಗಾಜನೂರು ಬರುವಷ್ಟರಲ್ಲಿ ಇಪ್ಪತ್ತು ಪದ ಉರು ಹೊಡೆಯುತ್ತಿದ್ದೆ. ಸಂಜೆ ವಾಪಸ್ ಬರುವಾಗ ನಾಲ್ಕು ನೆನಪಿರುತ್ತಿತ್ತು. ಪರೀಕ್ಷೆಯಲ್ಲಿ ಆ ನಾಲ್ಕನ್ನೂ ಎಲ್ಲೆಲ್ಲೋ ತುರುಕಿ ಬಂದೆ. ಪಕ್ಕದ ಮನೆಯವರ ಸರ ಹಾಕಿಕೊಂಡು ಮದುವೆಗೆ ಹೋದ ಹಾಗೆ.

ಎರಡನೇ ಸಲ ಆ ಕಟ್ಟು ಬಚ್ಚಲೊಲೆಗೆ ಹೋಯ್ತು. ಅದರ ಬದಲು ಹಿಡಿದಿದ್ದು ಅಕಾಡೆಮಿಕ್ ವರ್ಡ್ ಲಿಸ್ಟ್. ನ್ಯೂಜಿಲೆಂಡಿನ ಎವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಪಟ್ಟಿ ಇದು. ಕಾಲೇಜು ಮಟ್ಟದ ಬರಹಗಳ ಸುಮಾರು 35 ಲಕ್ಷ ಪದಗಳನ್ನು ಜಾಲಾಡಿ, ಯಾವ ವಿಷಯದಲ್ಲಾದರೂ ಮತ್ತೆ ಮತ್ತೆ ಬರುವ 570 ಪದ-ಕುಟುಂಬ (ಒಂದೇ ಬೇರಿನ ಪದಗಳ ಗುಂಪು) ಆರಿಸಿದ್ದಾರೆ. ದಿನಬಳಕೆಯ 2,000 ಪದ ಇದರಲ್ಲಿಲ್ಲ. ಅಂಥ ಬರಹದಲ್ಲಿ ನೂರಕ್ಕೆ ಸುಮಾರು ಹತ್ತು ಪದ ಈ ಪಟ್ಟಿಯವೇ. ಒಟ್ಟು ಹತ್ತು ಭಾಗ, ಜಾಸ್ತಿ ಬಳಕೆಯವು ಮೊದಲ ಭಾಗದಲ್ಲಿ. ನಾನು ಐದು ಭಾಗಕ್ಕೆ ನಿಲ್ಲಿಸಿದೆ. 300 ಕುಟುಂಬ, ದಿನಕ್ಕೆ ಐದರಂತೆ ಎರಡು ತಿಂಗಳು.

ಮೊದಲ ಭಾಗ ತೆಗೆದಾಗ ನನಗೆ ನಗು ಬಂತು. ಪಾಲಿಸಿ, ಡಾಟಾ, ಎಸ್ಟಿಮೇಟ್, ಇನ್‌ಕಮ್, ಲೇಬರ್, ಸೆಕ್ಷನ್, ಇಶ್ಯೂ, ಕಾಂಟ್ರಾಕ್ಟ್, ಫೈನಾನ್ಸ್. ಇವೆಲ್ಲ ನಮ್ಮ ಅಪ್ಪಯ್ಯ ದಿನಾ ಆಡುವ ಮಾತು! ತೊಂದರೆ ಏನಂದ್ರೆ, ನಮ್ಮ ಬಾಯಿಗೆ ಬರುವಷ್ಟರಲ್ಲಿ ಅವುಗಳ ಅರ್ಥ ಸಣ್ಣದಾಗಿಬಿಟ್ಟಿದೆ. ಪಾಲಿಸಿ ಅಂದರೆ ನಮಗೆ ಎಲ್‌ಐಸಿ, ಪರೀಕ್ಷೆಯಲ್ಲಿ ಅದು ನೀತಿ. ಎಸ್ಟಿಮೇಟ್ ಅಂದರೆ ಮೇಸ್ತ್ರಿ ಕೊಡುವ ಚೀಟಿ, ಅಲ್ಲಿ 'ಅಂದಾಜು ಮಾಡು' ಅನ್ನುವ ಕ್ರಿಯಾಪದವೂ ಹೌದು. ಇಶ್ಯೂ ಅಂದರೆ ತಕರಾರು. 'ಏನೂ ಇಶ್ಯೂ ಇಲ್ಲ ಬಿಡಿ' ಅಂತೀವಲ್ವಾ? ಅಲ್ಲಿ ಅದು ಚರ್ಚೆಗೆ ಬಂದಿರುವ ವಿಷಯ. ಡಾಟಾ ಅಂತೂ ಸಂಜೆಯಾದರೆ ಖಾಲಿಯಾಗುವ ವಸ್ತು.

ಹಾಗಾಗಿ ಪುಸ್ತಕದಲ್ಲಿ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಮ್ಮೂರಿನ ಅರ್ಥ, ಬಲಕ್ಕೆ ಪರೀಕ್ಷೆಯ ಅರ್ಥ, ಕೆಳಗೆ ನಿಮ್ಮದೇ ಒಂದು ವಾಕ್ಯ. ಎಡಗಡೆ ಖಾಲಿ ಉಳಿದ ಪದಗಳೇ ನಿಜವಾಗಿ ಹೊಸವು. ಡಿರೈವ್, ಕಾನ್‌ಸ್ಟಿಟ್ಯೂಟ್ ಥರದವು. ಜಾಸ್ತಿ ಹೊತ್ತು ಅವಕ್ಕೆ ಕೊಡಿ.

ಕುಟುಂಬವನ್ನು ಅಡಿಕೆ ಗೊನೆ ಇಳಿಸಿದ ಹಾಗೆ ಇಡಿಯಾಗಿ ಇಳಿಸಬೇಕು. ಆನಲೈಸ್ ಕಲಿತರೆ ಅನ್ಯಾಲಿಸಿಸ್, ಅನಲಿಟಿಕಲ್ ಕೂಡ ಜೊತೆಗೇ. ಬಾಯಿಬಿಟ್ಟು ಹೇಳಿ. ಆನಲೈಸ್‌ನಲ್ಲಿ ಒತ್ತು (ಸ್ಟ್ರೆಸ್) ಪದದ ಮೊದಲ ತುಣುಕಿನ (ಸಿಲಬಲ್) ಮೇಲೆ, ಅನ್ಯಾಲಿಸಿಸ್‌ನಲ್ಲಿ ಎರಡನೆಯದಕ್ಕೆ ಜಾರುತ್ತದೆ, ಅನಲಿಟಿಕಲ್‌ನಲ್ಲಿ ಮೂರನೆಯದಕ್ಕೆ. ಕನ್ನಡದಲ್ಲಿ ಈ ಕಾಟ ಇಲ್ಲ, ಅದಕ್ಕೇ ನಮ್ಮ ಕಿವಿಗೆ ಬೀಳುವುದಿಲ್ಲ. ನಾನು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾ ಇವನ್ನು ಹೇಳಿಕೊಳ್ಳುತ್ತಿದ್ದೆ. ಒತ್ತು ಬರುವ ಕಡೆ ಕಾಯಿ ಒತ್ತುವುದು. 'ಎಂತ ಮಾರಾಯ್ತಿ ಅದು, ಮಂತ್ರವಾ?' ಅಂತ ಅಮ್ಮ ಕೇಳಿದ್ದುಂಟು.

ಇನ್ನು ರೈಟಿಂಗ್. ಅಕಾಡೆಮಿಕ್ ಪರೀಕ್ಷೆಯ ಟಾಸ್ಕ್ ಒಂದರಲ್ಲಿ ಗ್ರಾಫೋ ಟೇಬಲ್ಲೋ ಕೊಟ್ಟು ಕನಿಷ್ಠ 150 ಪದದಲ್ಲಿ ವಿವರಿಸಿ ಅಂತಾರೆ. ಇದಕ್ಕೆ ದುಡ್ಡು ಕೊಟ್ಟು ಪುಸ್ತಕ ತರಬೇಡಿ. ಮಳೆಗಾಲದಲ್ಲಿ ನಮ್ಮ ಪೇಪರ್‌ಗಳಲ್ಲಿ ಲಿಂಗನಮಕ್ಕಿ ನೀರಿನ ಮಟ್ಟ ಬರುತ್ತದಲ್ಲ, ಗರಿಷ್ಠ 1,819 ಅಡಿ, ಇವತ್ತು ಇಷ್ಟು ಅಂತ? ಒಂದು ವಾರದ್ದು ಕತ್ತರಿಸಿ ಅಂಟಿಸಿ, ಇಂಗ್ಲಿಷಿನಲ್ಲಿ ಬರೆಯಿರಿ.

ನನ್ನ ಮೊದಲ ವಾಕ್ಯ 'ದಿ ವಾಟರ್ ಬಿಕೇಮ್ ವೆರಿ ಹೈ' ಅಂತಿತ್ತು. ತಿದ್ದಿದ ಮೇಲೆ 'ದಿ ವಾಟರ್ ಲೆವೆಲ್ ರೋಸ್ ಸಿಗ್ನಿಫಿಕೆಂಟ್ಲಿ'. ಅದನ್ನೇ ತಿರುಗಿಸಿದರೆ 'ದೇರ್ ವಾಸ್ ಎ ಸಿಗ್ನಿಫಿಕೆಂಟ್ ರೈಸ್ ಇನ್ ದಿ ವಾಟರ್ ಲೆವೆಲ್'. ಪ್ರತಿ ವಾಕ್ಯವನ್ನೂ ಹೀಗೆ ಎರಡು ಥರ ಬರೆದು ನೋಡಿ. ಇನ್ನೊಂದು ಕಡೆ ನಾನು ಸದಾ ಎಡವುತ್ತಿದ್ದೆ: ರೋಸ್ ಬೈ ಅನ್ನಬೇಕಾ, ರೋಸ್ ಟು ಅನ್ನಬೇಕಾ? ಇದಕ್ಕೆ ಉತ್ತರ ನಮ್ಮ ಕನ್ನಡ ಭಾಷೆಯಲ್ಲೇ ಇದೆ. 'ನೀರು 10 ಅಡಿ ಏರಿತು' ಅಂದರೆ ಬೈ. '1,800 ಅಡಿಗೆ ಏರಿತು' ಅಂದರೆ ಟು. ಆ 'ಗೆ' ಕಂಡರೆ ಟು ಹಾಕಿ, ಅಷ್ಟೇ. ಹಾಗಂತ ಕನ್ನಡವನ್ನು ಎಲ್ಲಾ ಕಡೆ ನಂಬಬೇಡಿ. 'ಬಗ್ಗೆ ಚರ್ಚಿಸು' ನಮ್ಮಲ್ಲಿ ಸರಿ, ಆದರೆ ಡಿಸ್ಕಸ್ ಆದಮೇಲೆ ಅಬೌಟ್ ಬರುವುದಿಲ್ಲ.

ಮಳೆ ನಿಂತಮೇಲೆ ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ಹಿಡಿಯಿರಿ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ನಾಲ್ಕು ಬಗೆ, ನಾಲ್ಕು ಗೆರೆಯ ಗ್ರಾಫ್ ಸಿಕ್ಕಿತು. ಫ್ಲಕ್ಚುಯೇಟ್, ಸ್ಟೇಬಲ್, ಡಿಕ್ಲೈನ್ ಪದಗಳಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಡಿಕ್ಲೈನ್ ಅಂದರೇನು ಅಂತ ಬೆಳೆಗಾರರ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ನೆನಪಿಗೆ ಹಳೇ ಮದುವೆ ಕಾಗದ ಕತ್ತರಿಸಿ ಹಿಂಬದಿ ಪದ ಬರೆದುಕೊಳ್ಳಿ. ಮಾರನೇ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ನೋಡಿ. ಮರೆತದ್ದು ಮತ್ತೆ ಮೊದಲಿನಿಂದ.

ಸ್ಪೆಲ್ಲಿಂಗ್ ಮಾತ್ರ ಕೈಯಲ್ಲೇ ಬರೆದು ಕಲಿಯಿರಿ, ಲಿಸನಿಂಗ್‌ನಲ್ಲಿ ತಪ್ಪಿದರೆ ಅಂಕ ಹೋಗುತ್ತದೆ. ಎನ್ವಿರಾನ್‌ಮೆಂಟ್, ಗವರ್ನಮೆಂಟ್ ಎರಡರಲ್ಲೂ ನಡುವಿನ 'ಎನ್' ನುಂಗಬೇಡಿ. ಎರಡನೇ ಸಲ ರೈಟಿಂಗ್‌ನಲ್ಲಿ 7 ಬಂತು. ಲಿಸನಿಂಗ್‌ನಲ್ಲಿ ಆ 'ಎನ್' ಬಿಟ್ಟು ಬಂದಿದ್ದೇನೆ ಅಂತ ನೆನಪಾಗಿದ್ದು ಮಾತ್ರ ವಾಪಸ್ ಬರುವ ರೈಲು ತರೀಕೆರೆ ದಾಟಿದ ಮೇಲೆ.