ಪ್ರೋಟೀನ್ ಡಬ್ಬಿಯಲ್ಲಿದ್ದ ಗ್ಲೈಸಿನ್ ಅನ್ನು ಹಳೇ ಕೆಲ್ಡಾಲ್ ಸೆಟ್ಟಿನಲ್ಲೇ ಹಿಡಿದೆ: ನನ್ನ ಅನುಭವ

ಜಿಮ್ ಹುಡುಗರು ಕುಡಿಯುವ ಒಂದು ಪ್ರೋಟೀನ್ ಪುಡಿಯ ಬಗ್ಗೆ ಹೊರಗಿನ ಲ್ಯಾಬಿನ ರಿಪೋರ್ಟ್ ಕಳೆದ ತಿಂಗಳು ಕೈಗೆ ಬಂತು. ಬಿಡಿ ಗ್ಲೈಸಿನ್ (ಪ್ರೋಟೀನ್ ಕಟ್ಟುವ ಅಮೈನೋ ಆಸಿಡ್‌ಗಳಲ್ಲಿ ಒಂದು) ನೂರು ಗ್ರಾಂ ಪುಡಿಗೆ 16 ಚಿಲ್ಲರೆ ಗ್ರಾಂ. ನನ್ನ ಲೆಕ್ಕದಲ್ಲಿ 17 ಬಂದಿತ್ತು. ಅವರು ಮಾಡಿದ್ದು ಎಚ್‌ಪಿಎಲ್‌ಸಿಯಲ್ಲಿ, ಅಂದರೆ ಒಂದೊಂದು ವಸ್ತುವನ್ನೂ ಬೇರ್ಪಡಿಸಿ ಅಳೆಯುವ ದುಬಾರಿ ಯಂತ್ರದಲ್ಲಿ. ನಾನು ಮಾಡಿದ್ದು ಎರಡು ಸಲ ಗಸಿ ಕೂರಿಸಿ, ಸೋಸಿ, ಹದಿನೈದು ವರ್ಷದ ಹಳೇ ಕೆಲ್ಡಾಲ್ ಸೆಟ್ಟಿನಲ್ಲಿ, ಅಂದರೆ ಮಾದರಿಯನ್ನು ಆಸಿಡ್‌ನಲ್ಲಿ ಕುದಿಸಿ ನೈಟ್ರೋಜನ್ ಅಳೆಯುವ ಸಲಕರಣೆಯಲ್ಲಿ. ಒಂದೂವರೆ ವರ್ಷದಿಂದ "ಇದು ಆಗೋ ಕೆಲಸ ಅಲ್ಲಮ್ಮ" ಅನ್ನುತ್ತಿದ್ದ ನಮ್ಮ ಸರ್ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಮರುದಿನವೇ ವಿಧಾನವನ್ನು ಎಸ್‌ಒಪಿ (ಲ್ಯಾಬಿನಲ್ಲಿ ಎಲ್ಲರೂ ಪಾಲಿಸುವ ಲಿಖಿತ ಕ್ರಮ) ಮಾಡಿ ಕೊಡಿ ಎಂದರು. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ನಾನು ಪೀಣ್ಯದ ಒಂದು ಚಿಕ್ಕ ಖಾಸಗಿ ಆಹಾರ ಪರೀಕ್ಷಾ ಲ್ಯಾಬಿನಲ್ಲಿದ್ದೇನೆ. ಈ ಕೆಲಸ ಶುರುವಾಗಿದ್ದು ನಮ್ಮ ಬೀದಿಯ ಹುಡುಗನಿಂದ. ಜಿಮ್‌ಗೆ ಹೋಗುತ್ತಾನೆ, ಸಂಬಳ ಹದಿನೆಂಟು ಸಾವಿರ. ಅದರಲ್ಲಿ ಮೂರು ಸಾವಿರ ಪ್ರೋಟೀನ್ ಡಬ್ಬಿಗೇ. "ಅಕ್ಕಾ, ಇದು ಒರಿಜಿನಲ್ಲಾ ಅಂತ ಒಂದ್ಸಲ ನೋಡಿ ಕೊಡ್ತೀರಾ?" ಅಂದ. ಲೇಬಲ್ ಮೇಲೆ 72 ಪರ್ಸೆಂಟ್ ಪ್ರೋಟೀನ್. ಕೆಲ್ಡಾಲ್‌ನಲ್ಲಿ 73 ಬಂತು. ಪಾಸು. ಆದರೆ ಪುಡಿಯನ್ನು ನಾಲಿಗೆಗೆ ಇಟ್ಟರೆ ಒಂಥರಾ ತೆಳು ಸಿಹಿ. ಸಕ್ಕರೆಯದ್ದಲ್ಲ, ಸುಕ್ರಲೋಸ್‌ನದ್ದೂ ಅಲ್ಲ. ಗ್ಲೈಸಿನ್ ಬಾಟಲಿ ಬಳಸಿದವರಿಗೆ ಆ ರುಚಿ ಗೊತ್ತು.

ಲೆಕ್ಕ ಇಷ್ಟೇ. ನಾವು ಅಳೆಯೋದು ನೈಟ್ರೋಜನ್, ಬರೆಯೋದು ಪ್ರೋಟೀನ್. ಗ್ಲೈಸಿನ್‌ನಲ್ಲಿ ನೈಟ್ರೋಜನ್ 18.7 ಪರ್ಸೆಂಟ್. ಹಾಲಿನ ಪ್ರೋಟೀನ್‌ಗೆ ಬಳಸುವ 6.38ರಿಂದ ಗುಣಿಸಿದರೆ ನೂರು ಗ್ರಾಂ ಗ್ಲೈಸಿನ್ 119 ಗ್ರಾಂ ಪ್ರೋಟೀನ್ ಆಗಿಬಿಡುತ್ತದೆ. ಜಿಮ್‌ನವರು ತೆಗೆದುಕೊಳ್ಳುವ ಇನ್ನೊಂದು ಪುಡಿ ಕ್ರಿಯಾಟಿನ್ ಮೊನೊಹೈಡ್ರೇಟ್ ಹಾಕಿದರೆ 180. 2008ರಲ್ಲಿ ಚೀನಾದಲ್ಲಿ ಹಾಲಿಗೆ ನೈಟ್ರೋಜನ್ ಜಾಸ್ತಿ ಇರುವ ಮೆಲಮಿನ್ ಎಂಬ ರಾಸಾಯನಿಕ ಬೆರೆಸಿದ್ದೂ ಇದೇ ಕಿಂಡಿಯಿಂದ. ಆಗ ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಕೂಸುಗಳು ಸತ್ತವು. ಗ್ಲೈಸಿನ್ ಅಷ್ಟು ವಿಷ ಅಲ್ಲ, ನಿಜ. ಆದರೆ ಆ ಹುಡುಗ ದುಡ್ಡು ಕೊಟ್ಟಿದ್ದು ಗ್ಲೈಸಿನ್‌ಗಲ್ಲ, ಅಲ್ವಾ?

ಎಚ್‌ಪಿಎಲ್‌ಸಿಗೆ ಕಳಿಸು ಅನ್ನೋದು ಸುಲಭ. ಹೊರಗೆ ಅಮೈನೋ ಆಸಿಡ್ ಪ್ರೊಫೈಲ್‌ಗೆ ಒಂದು ಮಾದರಿಗೆ ಆರೇಳು ಸಾವಿರ, ಮೇಲೆ ಹತ್ತು ದಿನ. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಧಿಕಾರಿ ತಂದ ಮಾದರಿಗೆ ಅನಲಿಸ್ಟ್ 14 ದಿನದಲ್ಲಿ ರಿಪೋರ್ಟ್ ಕೊಡಬೇಕು. ಯಾವ ಡಬ್ಬಿಯನ್ನು ದೊಡ್ಡ ಯಂತ್ರಕ್ಕೆ ಹಾಕಬೇಕು ಅಂತ ಎರಡು ದಿನದಲ್ಲಿ ಹೇಳುವ ಅಗ್ಗದ ದಾರಿ ನನಗೆ ಬೇಕಿತ್ತು. ಸಪ್ಲಿಮೆಂಟ್ ನಿಯಮಗಳು 2016ರಲ್ಲಿ ಬಂದವು, 2018ರ ಜನವರಿಯಿಂದ ಜಾರಿಯಾದವು. ನಿಯಮ ಎಷ್ಟೇ ಬಿಗಿ ಇರಲಿ, ಲ್ಯಾಬೇ ಪಾಸು ಅಂದರೆ ಅಧಿಕಾರಿ ಏನು ಮಾಡಲಿಕ್ಕಾಗುತ್ತದೆ?

ಮೊದಲು ಮಾಡಿದ್ದು ಎಲ್ಲರೂ ಮಾಡೋದೇ. 12 ಪರ್ಸೆಂಟ್ ಟಿಸಿಎ (ಟ್ರೈಕ್ಲೋರೋ ಅಸಿಟಿಕ್ ಆಸಿಡ್) ಹಾಕಿ ಪ್ರೋಟೀನ್ ಗಸಿ ಕೂರಿಸಿ, ಸೋಸಿದ ನೀರಿನ ನೈಟ್ರೋಜನ್ ನೋಡುವುದು. ಅಲ್ಲಿ ಉಳಿದದ್ದು ಪ್ರೋಟೀನ್‌ದಲ್ಲ. ಹೋಲಿಕೆಗೆ ಶುದ್ಧ ವ್ಹೇ (ಒಡೆದ ಹಾಲಿನ ನೀರಿನಿಂದ ತೆಗೆಯುವ ಪ್ರೋಟೀನ್, ಈ ಡಬ್ಬಿಗಳಲ್ಲಿ ಇರಬೇಕಾದದ್ದು) ಬೇಕಲ್ಲ, ನಾನೇ ಮಾಡಿಕೊಂಡೆ. ಹಾಲನ್ನು ಜಾಸ್ತಿ ಕಾಯಿಸದೆ ಸಿಟ್ರಿಕ್ ಆಸಿಡ್ ಹಾಕಿ ಒಡೆಸಿ, ಬಸಿದ ನೀರನ್ನು ಸಣ್ಣ ಕಣಗಳನ್ನಷ್ಟೇ ಹೊರಗೆ ಬಿಡುವ ಡಯಾಲಿಸಿಸ್ ಚೀಲದಲ್ಲಿ ಎರಡು ರಾತ್ರಿ ಇಟ್ಟು ಒಣಗಿಸಿದೆ. ಅದರ ಸೋಸಿದ ನೀರಿನಲ್ಲಿ ನೈಟ್ರೋಜನ್ ಹೆಚ್ಚುಕಡಿಮೆ ಸೊನ್ನೆ. ಅದೇ ಧೈರ್ಯದಲ್ಲಿ ಒಂದು ಕಂಪನಿಯ ಆರು ಮಾದರಿಗಳಿಗೆ "ಬೆರಕೆ ಇದೆ" ಎಂದು ಬರೆದುಬಿಟ್ಟೆ.

ಅದು ತಪ್ಪಾಗಿತ್ತು. ಅವರದ್ದು ಅಪ್ಪಟ ವ್ಹೇ. ರಿಪೋರ್ಟ್ ವಾಪಸ್ ತೆಗೆದುಕೊಂಡೆವು, ಆರು ಮಾದರಿಯ ಫೀಸು ಬಿಟ್ಟೆವು. ಎಲ್ಲ ಸೇರಿ ನಲವತ್ತು ಸಾವಿರ ಹೋಯಿತು ಅಂತ ನೆನಪು. ಮೂರು ವಾರ ನನಗೆ ನಿದ್ದೆ ಇಲ್ಲ.

ಕಾರಣ ಸಿಕ್ಕಿದ್ದು ಎರಡು ತಿಂಗಳ ಮೇಲೆ. ಪೇಟೆಯ ವ್ಹೇ ಹೆಚ್ಚಿನದು ಚೀಸ್ ಮಾಡಿ ಉಳಿದದ್ದು. ಹಾಲು ಗಟ್ಟಿಯಾಗಲು ಚೀಸ್‌ಗೆ ಹಾಕುವ ರೆನೆಟ್ ಎಂಬ ಕಿಣ್ವ ಹಾಲಿನ ಕೇಸಿನ್ ಪ್ರೋಟೀನ್‌ನ ಒಂದು ತುಂಡನ್ನು ಕತ್ತರಿಸುತ್ತದೆ. ಗ್ಲೈಕೋಮ್ಯಾಕ್ರೋಪೆಪ್ಟೈಡ್ ಎಂಬ ಆ ತುಂಡು ವ್ಹೇ ಜೊತೆಗೇ ಬರುತ್ತದೆ, ಟಿಸಿಎಯಲ್ಲಿ ಒಂದಷ್ಟು ಕರಗಿಯೇ ಉಳಿಯುತ್ತದೆ. ನಾನು ಹುಳಿ ಹಾಕಿ ಒಡೆಸಿದ ಹಾಲಿನಲ್ಲಿ ಆ ತುಂಡು ಇರಲೇ ಇಲ್ಲ! ನನ್ನ ಬ್ಲ್ಯಾಂಕೇ, ಅಂದರೆ ಹೋಲಿಕೆಗೆ ಇಟ್ಟುಕೊಂಡ ಮಾದರಿಯೇ, ನನಗೆ ಮೋಸ ಮಾಡಿತ್ತು.

ಹಾಗಾಗಿ ಎರಡನೇ ಗಸಿ. ಟಿಸಿಎ ಸೋಸಿದ ನೀರಿಗೆ ಫಾಸ್ಫೋಟಂಗ್‌ಸ್ಟಿಕ್ ಆಸಿಡ್. ಪೆಪ್ಟೈಡ್‌ಗಳು, ಅಂದರೆ ಪ್ರೋಟೀನ್ ತುಂಡುಗಳು, ಬಿಳಿಯಾಗಿ ಕೆಳಗೆ ಕೂರುತ್ತವೆ, ಗ್ಲೈಸಿನ್ ಮತ್ತು ಬೆರಕೆಗೆ ಬಳಸುವ ಇನ್ನೊಂದು ವಸ್ತು ಟೌರಿನ್ ಮೇಲೆ ಉಳಿಯುತ್ತವೆ. ಎಷ್ಟು ಹಾಕಬೇಕು, ಎಷ್ಟು ಹೊತ್ತು ತಣ್ಣಗಿಡಬೇಕು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಲ್ಯಾಬಿನ ಸೊತ್ತು. ಆ ಎರಡನೇ ಆಸಿಡ್‌ನ ಪುಡಿಗೆ ದುಬಾರಿ ಬೆಲೆ. ಮೊದಲ ಬಾಟಲಿ ಪ್ರಯೋಗದಲ್ಲೇ ಖಾಲಿಯಾಯಿತು. ಸರ್ ಎರಡನೆಯದಕ್ಕೆ ಸಹಿ ಹಾಕಲಿಲ್ಲ, ನಾನೇ ಕೈಯಿಂದ ಹಾಕಿ ತರಿಸಿದೆ. ಶುದ್ಧ ವ್ಹೇಗೆ 5, 10, 20 ಪರ್ಸೆಂಟ್ ಗ್ಲೈಸಿನ್ ಬೆರೆಸಿ ನೋಡಿದೆ. ಹಾಕಿದ್ದರಲ್ಲಿ ತೊಂಬತ್ತೈದು ಪರ್ಸೆಂಟಿನ ಆಸುಪಾಸು ವಾಪಸ್ ಸಿಕ್ಕಿತು. ಆವತ್ತು ಫ್ಲಾಸ್ಕಿನಲ್ಲಿ ಕಪ್ಪಗಿದ್ದ ದ್ರವ ನಿಧಾನಕ್ಕೆ ತಿಳಿಯಾಗಿ ನೀಲಿ ಹಸಿರಿಗೆ ತಿರುಗುವುದನ್ನು ನೋಡುತ್ತಾ ಊಟ ಮರೆತಿದ್ದೆ.

ನೈಟ್ರೋಜನ್ ಎಷ್ಟು ಅಂತ ಸಿಕ್ಕಿದರೆ ಸಾಲದು, ಯಾವುದು ಅಂತ ಬೇಕು. ಅದಕ್ಕೆ ಟಿಎಲ್‌ಸಿ: ತೆಳು ಪದರ ಬಳಿದ ಪ್ಲೇಟಿನ ಮೇಲೆ ದ್ರಾವಕ ಹರಿಸಿ ವಸ್ತುಗಳನ್ನು ಬೇರೆಬೇರೆ ಎತ್ತರದ ಕಲೆಗಳಾಗಿ ಬಿಡಿಸುವುದು. ದ್ರಾವಕ ಬ್ಯುಟನಾಲ್, ಅಸಿಟಿಕ್ ಆಸಿಡ್, ನೀರು 4:1:1. ಮೊದಲ ಪ್ಲೇಟುಗಳಲ್ಲಿ ಕಲೆಗಳೆಲ್ಲ ಬಾಲ ಎಳೆದುಕೊಂಡು ಬಂದವು, ಒಳಗೆ ಟಿಸಿಎ ಉಳಿದಿತ್ತು. ಈಥರ್‌ನಲ್ಲಿ ಮೂರು ಸಲ ತೊಳೆದ ಮೇಲೆ ಸರಿಹೋಯಿತು. ಗ್ಲೈಸಿನ್, ಟೌರಿನ್ ಮಾತ್ರ ಅಕ್ಕಪಕ್ಕವೇ ನಿಲ್ಲುತ್ತವೆ. ಅಮೋನಿಯಾ ಇರುವ ಇನ್ನೊಂದು ದ್ರಾವಕದಲ್ಲಿ ಮತ್ತೊಮ್ಮೆ ಓಡಿಸುತ್ತೇನೆ. ಅಮೈನೋ ಆಸಿಡ್‌ಗೆ ಬಣ್ಣ ತರಿಸುವ ನಿನ್‌ಹೈಡ್ರಿನ್ ಸಿಂಪಡಿಸಿ 105 ಡಿಗ್ರಿ ಓವನ್‌ನಲ್ಲಿ ಐದು ನಿಮಿಷ ಇಟ್ಟಾಗ ಆ ಹುಡುಗನ ಡಬ್ಬಿಯ ಸಾಲಿನಲ್ಲಿ ಒಂದೇ ಒಂದು ದಪ್ಪ ನೇರಳೆ ಕಲೆ ಎದ್ದು ಬಂತು. ಪಕ್ಕದ ಗ್ಲೈಸಿನ್ ಕಲೆಯ ಎತ್ತರಕ್ಕೇ. ನಮ್ಮ ಟ್ರೈನಿ ಹುಡುಗಿ "ಮೇಡಂ, ನೇರಳೆ ಹಣ್ಣಿನ ಹಾಗಿದೆ" ಎಂದಳು. 73ರಲ್ಲಿ ಸುಮಾರು 20 ಗ್ಲೈಸಿನ್‌ದು. ನಿಜವಾದ ಪ್ರೋಟೀನ್ 53.

ಕ್ರಿಯಾಟಿನ್ ಈ ಪ್ಲೇಟಿನಲ್ಲಿ ಕಾಣೋದಿಲ್ಲ, ನಿನ್‌ಹೈಡ್ರಿನ್‌ಗೆ ಅದು ಬಣ್ಣ ಕೊಡೋದಿಲ್ಲ. ಟಿಸಿಎ ಸೋಸಿದ ನೀರನ್ನೇ ಎಚ್‌ಸಿಎಲ್ ಹಾಕಿ ಕುದಿಸಿ ಕ್ರಿಯಾಟಿನಿನ್ ಮಾಡಿಕೊಂಡು, ಕ್ಷಾರ ಮತ್ತು ಪಿಕ್ರಿಕ್ ಆಸಿಡ್ ಹಾಕುತ್ತೇನೆ. ಕಿತ್ತಳೆ ಬಣ್ಣ ಬಂದರೆ ಇದೆ. ರಕ್ತಪರೀಕ್ಷೆಯವರು ಎಷ್ಟೋ ಕಾಲದಿಂದ ಮಾಡುವ ಕೆಲಸವೇ ಇದು. ಆರ್ಜಿನಿನ್ ಎಂಬ ಇನ್ನೊಂದು ಅಮೈನೋ ಆಸಿಡ್ ಎರಡನೇ ಗಸಿಯಲ್ಲಿ ಪೆಪ್ಟೈಡ್ ಜೊತೆ ಕೆಳಗೆ ಹೋಗುತ್ತದೆ, ಹಾಗಾಗಿ ಟಿಎಲ್‌ಸಿಗೆ ಟಿಸಿಎ ಸೋಸಿದ ಮೊದಲ ನೀರನ್ನೂ ಹಾಕಿ.

ಚಾಕೊಲೇಟ್ ಫ್ಲೇವರ್ ನನ್ನನ್ನು ಜಾಸ್ತಿ ಸತಾಯಿಸಿತು. ಗೋಂದು ಇದ್ದದ್ದರಿಂದ ಒಂದು ಮಾದರಿ ಸೋಸಲು ಇಡೀ ರಾತ್ರಿ ತೆಗೆದುಕೊಂಡಿತು. ಸೆಕೆಂಡ್ ಹ್ಯಾಂಡ್ ಸೆಂಟ್ರಿಫ್ಯೂಜ್ ಒಂದನ್ನು ಮೂವತ್ತೆಂಟು ಸಾವಿರಕ್ಕೆ ತಂದ ಮೇಲೆ ಅದು ಇಪ್ಪತ್ತು ನಿಮಿಷದ ಕೆಲಸ. ಕೋಕೋದಲ್ಲಿರುವ ಥಿಯೋಬ್ರೋಮಿನ್‌ನಲ್ಲೂ ನೈಟ್ರೋಜನ್ ಇದೆ, ಬರೀ ಕೋಕೋ ಪುಡಿಯ ಬ್ಲ್ಯಾಂಕ್ ಇಟ್ಟು ಕಳೆಯಬೇಕು. ಸುಮ್ನೆ ಕುತೂಹಲಕ್ಕೆ ಮನೆಯ ಹುರಿಗಡಲೆ ಹಿಟ್ಟನ್ನೂ ಹಾಕಿದೆ. 21 ಚಿಲ್ಲರೆ ಪ್ರೋಟೀನ್ ಬಂತು, ಪ್ಲೇಟು ಹೆಚ್ಚುಕಡಿಮೆ ಖಾಲಿ. ಆ ಹುಡುಗ ಈಗ ಬೆಳಿಗ್ಗೆ ಅದನ್ನೇ ಹಾಲಿಗೆ ಕಲಸಿ ಕುಡಿಯುತ್ತಾನೆ.

ಈಗ ನಮ್ಮಲ್ಲಿ ಒಂದು ಮಾದರಿಗೆ ಕೆಮಿಕಲ್, ಪ್ಲೇಟು ಎಲ್ಲ ಸೇರಿ ನಾನೂರು ರೂಪಾಯಿ ಒಳಗೇ ಆಗುತ್ತದೆ. ಹೈಡ್ರೊಲೈಸೇಟ್ ಎಂದು ಲೇಬಲ್ ಇರುವ ಡಬ್ಬಿಗೆ ಮಾತ್ರ ಈ ವಿಧಾನ ಬಳಸಬೇಡಿ. ಅದರಲ್ಲಿ ಪ್ರೋಟೀನ್ ಮೊದಲೇ ಚೂರಾಗಿರುತ್ತದೆ, ಸಂಖ್ಯೆ ತಪ್ಪುತ್ತದೆ. ಅದನ್ನು ಈಗಲೂ ಹೊರಗೇ ಕಳಿಸುತ್ತೇನೆ. ಪಿಕ್ರಿಕ್ ಆಸಿಡ್ ಒಣಗಿದರೆ ಸಿಡಿಯುತ್ತದೆ, ಬಾಟಲಿಯಲ್ಲಿ ಯಾವಾಗಲೂ ನೀರು ನಿಂತಿರಬೇಕು. ನಾನು ಪ್ರತಿ ಸೋಮವಾರ ಬಂದ ತಕ್ಷಣ ಅದನ್ನೇ ಮೊದಲು ನೋಡುತ್ತೇನೆ.